ಮಲ್ಲಪ್ಪನ ಸಾಲಿಗೆ ಒಂದೋ, ಸೊನ್ನೆಯೋ?

ಹಿಂದೊಮ್ಮೆ ನಾನು ಹೇಳಿದ ಸುಳ್ಳನ್ನು ಕಳೆದ ಭಾನುವಾರ ನಾನೇ ಕೋರ್ಟಿನ ಕಾಗದದಲ್ಲಿ ಓದಿದೆ. ಮರಾಠಿಯಲ್ಲಿತ್ತು. ಕೆಳಗೆ ಸೀಲೂ ಇತ್ತು.

ಓದಿಸಿದವಳು ತಂಗಿಯ ಮಗಳು ಶ್ರುತಿ. ಪುಣೆಯ ಕೋರ್ಟುಗಳು ಯಾವ ಅಪರಾಧಕ್ಕೆ ಎಷ್ಟು ಶಿಕ್ಷೆ ಕೊಡುತ್ತವೆ ಎಂದು ಅಂಕಿ-ಅಂಶ ಕೂಡಿಸುವ ಸಂಶೋಧನೆಯೊಂದರಲ್ಲಿ ಅವಳಿಗೆ ಕೆಲಸ. ತೀರ್ಪುಗಳು ಹೆಚ್ಚಾಗಿ ಮರಾಠಿಯಲ್ಲಿ. ಅವಳು ಇಂಗ್ಲಿಷ್ ಮೀಡಿಯಂ. (ಪುಣೆಯಲ್ಲೇ ಹುಟ್ಟಿ ಬೆಳೆದವಳಿಗೆ ಕೋರ್ಟಿನ ಮರಾಠಿ ಬಾರದು. ನಾನೇನೂ ಹೇಳುವುದಿಲ್ಲ, ತಂಗಿ ಈ ಅಂಕಣ ಓದುತ್ತಾಳೆ.) ಮೂವತ್ತು ವರ್ಷ ಇಲ್ಲಿನ ಶಾಲೆಯಲ್ಲಿ ಮರಾಠಿಯಲ್ಲೇ ಗಣಿತ ಕಲಿಸಿದ ಧಾರವಾಡದ ಮೌಶಿ (ಅವಳ ದೊಡ್ಡಮ್ಮ, ನಾನೇ) ರಿಟೈರ್ ಆಗಿ ಕೂತಿದ್ದಾಳಲ್ಲ! ನಾನು ತೀರ್ಪು ಓದಿ ಹೇಳುವುದು, ಅವಳು ಎಕ್ಸೆಲ್‌ನಲ್ಲಿ ಒಂದು ಸಾಲು ತುಂಬುವುದು.

ಚಕಚಕ ಸಾಗಿತ್ತು. ಆಮೇಲೆ ಬಂತು ಒಂದು ಮೊಬೈಲ್ ಕಳ್ಳತನ. ಶಿಕ್ಷೆ ಎಂಬಲ್ಲಿ 'ಈಗಾಗಲೇ ಜೈಲಿನಲ್ಲಿ ಕಳೆದಷ್ಟು' ಎಂದಿತ್ತು. ಶ್ರುತಿ ತಾರೀಖು ನೋಡಿ ಹನ್ನೊಂದು ತಿಂಗಳು ಎಂದು ತುಂಬಿದಳು. ಆರೋಪಿಯ ಹೆಸರನ್ನು ಎರಡೆರಡು ಸಲ ಓದಿದೆ. ಮಲ್ಲಪ್ಪ.

"ಹೆಸರು ಬ್ಯಾಡ ಮೌಶಿ. ಹೆಸರಿನ ಕಾಲಮ್ಮೇ ಇಲ್ಲ. ಮುಂದ ಓದು" ಅಂದಳು ಶ್ರುತಿ.

ಮುಂದೆ ಓದುವುದೇನು, ನನಗೆ ಎಲ್ಲ ಗೊತ್ತು.

ಮಲ್ಲಪ್ಪ ಇಂಡಿ ಕಡೆಯ ಹಮಾಲ. ಪುಣೆ ಹತ್ತಿರದ ಜೇಜುರಿಗೆ ಖಂಡೋಬ ದೇವರ ದರ್ಶನಕ್ಕೆ ಬಂದಿದ್ದ. ಗದ್ದಲದಲ್ಲಿ ಯಾರದೋ ಮೊಬೈಲ್ ಕಾಣೆಯಾಯಿತು. ಅದು ಸಿಕ್ಕಿದ್ದು ಇವನು ಕೂತಿದ್ದ ಮೆಟ್ಟಿಲ ಪಕ್ಕ. ಹಣೆತುಂಬ ಭಂಡಾರದ ಅರಿಶಿನ, ಬಾಯಲ್ಲಿ ಒಂದಕ್ಷರ ಮರಾಠಿ ಇಲ್ಲ. ಒಳಗೆ ಹೋದ.

ಎರಡೇ ವಾರಕ್ಕೆ ಜಾಮೀನು ಸಿಕ್ಕಿತು. ಆದರೆ ಹೊಣೆ ನಿಲ್ಲಲು ಇಲ್ಲಿಯವರೇ ಒಬ್ಬರು ಬೇಕು. ಇಂಡಿಯ ಹಮಾಲನಿಗೆ ಪುಣೆಯಲ್ಲಿ ಯಾರು ಹೊಣೆ ನಿಲ್ಲುತ್ತಾರೆ? ನೀವು ನಿಲ್ಲುತ್ತೀರಾ? ನನಗೆ ಆಗ ವಿಷಯ ಗೊತ್ತಿರಲಿಲ್ಲ. ಗೊತ್ತಿದ್ದರೂ ನಿಲ್ಲುತ್ತಿರಲಿಲ್ಲ, ಇರಲಿ ಬಿಡಿ. ಜಾಮೀನು ಸಿಕ್ಕವನು ಜೈಲಿನಲ್ಲೇ ಉಳಿದ.

ಸರಕಾರ ಅವನಿಗೆ ಕೊಟ್ಟ ವಕೀಲೆ ನಮ್ಮ ಬಿಲ್ಡಿಂಗಿನವರು. ಅವನಿಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ, ಹತ್ತು ನಿಮಿಷ ಬನ್ನಿ ಎಂದು ಹನ್ನೊಂದು ತಿಂಗಳಾದ ಮೇಲೆ ನನ್ನನ್ನು ಕೋರ್ಟಿಗೆ ಕರೆದೊಯ್ದರು. ದಾರಿಯಲ್ಲೇ ವಿವರಿಸಿದರು. ಅವನು ತಪ್ಪೊಪ್ಪಿಕೊಂಡರೆ ಕಳೆದ ದಿನಗಳೇ ಶಿಕ್ಷೆ, ಇವತ್ತೇ ಬಿಡುಗಡೆ. ಒಪ್ಪದಿದ್ದರೆ ವಿಚಾರಣೆ ಯಾವಾಗಲೋ ಏನೋ.

ಜಡ್ಜ್ ಕೇಳಿದರು: "ಗುನ್ಹಾ ಕಬೂಲ್ ಆಹೇ ಕಾ?" ತಪ್ಪು ಒಪ್ಪುತ್ತೀಯೇನಪ್ಪಾ ಎಂದು ನಾನು ಅವನನ್ನು ಕೇಳಿದೆ. ಕೈಮುಗಿದು ನಿಂತಿದ್ದ ಮಲ್ಲಪ್ಪ ಜಡ್ಜ್ ಕಡೆ ನೋಡಲಿಲ್ಲ, ನನ್ನ ಮುಖ ನೋಡಿದ.

"ನಾ ಕದ್ದಿಲ್ರಿ ಅಕ್ಕಾರ. ಹೌದಂದ್ರ ಇವತ್ತ ಮನಿಗೆ ಬಿಡ್ತಾರೇನ್ರಿ?"

ಹಿಂದೆ ಉಳಿದ ಆರೋಪಿಗಳ ಸಾಲಿತ್ತು. ವಕೀಲೆ ವಾಚು ನೋಡುತ್ತಿದ್ದರು. ನಾನು ಜಡ್ಜ್ ಕಡೆ ತಿರುಗಿ, "ಹೋ, ಕಬೂಲ್ ಆಹೇ" ಅಂದೆ. ಹೌದು, ಒಪ್ಪಿದ್ದಾನೆ.

ಅವನ ಮೊದಲ ಮಾತನ್ನು ನುಂಗಿಬಿಟ್ಟೆ. ಎರಡನೆಯದು ಪ್ರಶ್ನೆ; ಅದನ್ನು ಉತ್ತರ ಮಾಡಿದೆ. ಉಪಕಾರ ಮಾಡಿದೆ ಎಂದೇ ತಿಳಿದಿದ್ದೆ. ಹೊರಗೆ ಅವನು ಕಾಲಿಗೆ ಬೀಳಲು ಬಂದಾಗ ತಡೆದು, ಏನಾದರೂ ಬೇಕಿದ್ದರೆ ಫೋನ್ ಮಾಡು ಎಂದು ಚೀಟಿಯಲ್ಲಿ ನಂಬರ್ ಬರೆದುಕೊಟ್ಟೆ. ದೊಡ್ಡ ಮನುಷ್ಯಳು ನೋಡಿ ನಾನು!

ಅವನು ಫೋನ್ ಮಾಡಿದ. ವರ್ಷದ ಮೇಲೆ. ಊರಿನ ಶಾಲೆಯಲ್ಲಿ ಪ್ಯೂನ್ ಕೆಲಸ ಆಗುವುದರಲ್ಲಿತ್ತಂತೆ. ಪೊಲೀಸರ ಸರ್ಟಿಫಿಕೇಟ್ ಕೇಳಿದಾಗ ಪುಣೆಯ ತೀರ್ಪು ಹೊರಬಿತ್ತು, ಕೆಲಸ ಬೇರೆಯವರಿಗೆ ಹೋಯಿತು.

"ಅಕ್ಕಾರ, ನಾ ಕದ್ದೀನಿ ಅಂತ ಕೋರ್ಟಿನ್ಯಾಗ ಬರ್ದಾರಂತ. ನಾ ಹಂಗ ಅಂದಿದ್ನೇನ್ರಿ?"

ಕೇಳಿಸುತ್ತಿಲ್ಲ, ನೆಟ್‌ವರ್ಕ್ ಇಲ್ಲ ಎಂದು ಫೋನ್ ಕಟ್ ಮಾಡಿದೆ. ನೆಟ್‌ವರ್ಕ್ ಇತ್ತು. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ, ನಾಚಿಕೆಯಾಗುತ್ತದೆ.

ಈಗ ಶ್ರುತಿಯ ಕಾಲಂ ಕೇಳುತ್ತಿತ್ತು: ತಪ್ಪೊಪ್ಪಿಗೆ ಸ್ವಇಚ್ಛೆಯದೇ? ಹೌದಾದರೆ ಒಂದು, ಅಲ್ಲದಿದ್ದರೆ ಸೊನ್ನೆ. ತೀರ್ಪಿನಲ್ಲಿ ಸ್ಪಷ್ಟವಾಗಿತ್ತು: ಆರೋಪಿಗೆ ಅವನ ಭಾಷೆಯಲ್ಲೇ ತಿಳಿಸಿ ಹೇಳಲಾಗಿದೆ, ಅವನು ಸ್ವಇಚ್ಛೆಯಿಂದ ಒಪ್ಪಿದ್ದಾನೆ. ತಿಳಿಸಿ ಹೇಳಿದ ಮಹಾತಾಯಿ ಲ್ಯಾಪ್‌ಟಾಪಿನ ಮುಂದೆಯೇ ಕೂತಿದ್ದಳು.

ಶ್ರುತಿಗೆ ಎಲ್ಲ ಹೇಳಿದೆ.

"ಭಾಳ ಕೆಟ್ಟನಿಸ್ತದ ಮೌಶಿ. ಆದ್ರ ಆರ್ಡರ್‌ನಾಗ ಇದ್ದದ್ದಷ್ಟೇ ಹಾಕಬೇಕು. ಇಲ್ಲಾಂದ್ರ ಡೇಟಾ ಕೆಡ್ತದ."

"ಅದು ಕೋರ್ಟಿನಾಗೇ ಕೆಟ್ಟದವ್ವಾ" ಅಂದೆ.

ನಾಳೆ ಈ ಸಾಲುಗಳಿಂದ ಯಾರೋ ಗ್ರಾಫ್ ಮಾಡುತ್ತಾರೆ. ಮೊಬೈಲ್ ಕದ್ದರೆ ಹನ್ನೊಂದು ತಿಂಗಳು! ಜಾಸ್ತಿಯಾಯಿತು ಎಂದು ಒಬ್ಬರು, ಹಾಗೇ ಆಗಬೇಕು ಎಂದು ಇನ್ನೊಬ್ಬರು ಟಿವಿಯಲ್ಲಿ ಕಿತ್ತಾಡಬಹುದು. ಆ ಹನ್ನೊಂದು ತಿಂಗಳನ್ನು ಅಪರಾಧಕ್ಕೆ ತಕ್ಕಂತೆ ಯಾರೂ ಅಳೆದು ಕೊಟ್ಟದ್ದಲ್ಲ. ಅಷ್ಟು ದಿನ ಅವನಿಗೆ ಹೊಣೆ ನಿಲ್ಲುವವರು ಸಿಗಲಿಲ್ಲ, ಅಷ್ಟೇ. ಅದಕ್ಕೆ ಯಾವ ಕಾಲಂ ಇದೆ? ಮೇಲಿನ, ಕೆಳಗಿನ ಸಾಲುಗಳಲ್ಲಿ ಇನ್ನೆಷ್ಟು ಮಲ್ಲಪ್ಪಂದಿರಿದ್ದಾರೆ? ಗಣಿತದ ಟೀಚರ್‌ಗೂ ಗೊತ್ತಿಲ್ಲ.

"ಏನ್ ಹಾಕ್ಲಿ ಮೌಶಿ?"

"ಒಂದು ಹಾಕು" ಅಂದೆ.

ಮಲ್ಲಪ್ಪನ ಪರವಾಗಿ ನಾನು ತಪ್ಪೊಪ್ಪಿಕೊಂಡದ್ದು ಇದು ಎರಡನೇ ಸಲ.