ಯುದ್ಧಕ್ಕೆ ಹೂ ಕೇಳಿದ್ದು

ನನ್ನ ಗಂಡ ಯುದ್ಧಕ್ಕೆ ಹೋಗುತ್ತೇನೆಂದು ಹಟ ಹಿಡಿದದ್ದು ದೇಶಕ್ಕಾಗಿ ಅಲ್ಲ, ಇಂಗ್ಲೆಂಡಿನ ರಾಜನಿಗಾಗಿಯೂ ಅಲ್ಲ, ಒಂದು ಉಣ್ಣೆಯ ಕೋಟಿಗಾಗಿ. ತಳಿ ಎಂಬ ಊರಿನ ಪಕ್ಕದ ನಮ್ಮ ಹಳ್ಳಿಯ ಚಳಿ ಅಂಥದ್ದು. ಪಟಾಲಮ್ಮಿಗೆ ಆಳು ಸೇರಿಸಲು ಬಂದಿದ್ದ ಅಧಿಕಾರಿ ಚಾವಡಿಯಲ್ಲಿ ಕೂತು, ಕೋಟು, ಬೂಟು, ದಿನಾ ಅನ್ನ, ಹಡಗಿನ ಪ್ರಯಾಣ ಎಂದೆಲ್ಲ ಆಸೆ ಹಚ್ಚಿದ್ದ. ಗುಂಡೂ ತಿನ್ನಬೇಕಾಗಬಹುದು ಎಂಬುದನ್ನು ಮಾತ್ರ ಆ ಮಹಾನುಭಾವ ಹೇಳಲಿಲ್ಲ. ಕಳಿಸುವುದು ಮರಳುಗಾಡಿಗೆ ಎಂದು ಆಮೇಲೆ ತಿಳಿಯಿತು. ಅಲ್ಲಿ ಕೋಟು ಹಾಕಿಕೊಂಡು ನಮ್ಮ ಯಜಮಾನರು ಬೇಯುತ್ತಿದ್ದರೇನೋ.

ಊರಲ್ಲಿ ಯಾರಿಗೂ ಆ ಯುದ್ಧ ಬೇಕಿರಲಿಲ್ಲ. ಸೀಮೆಎಣ್ಣೆ ಮಾಯವಾಗಿತ್ತು. ಯಾರು ಗೆದ್ದರೂ ನಮಗೆ ಅದೇ ರಾಗಿಮುದ್ದೆ. ಆದರೆ ಅದನ್ನು ಅಧಿಕಾರಿಯ ಮುಖಕ್ಕೇ ಹೇಳಿದ್ದು ನನ್ನ ಅತ್ತೆ. ಹೆಂಗಸರು ಚಾವಡಿ ಹತ್ತಬಾರದೆಂಬ ಕಟ್ಟಳೆಯಿತ್ತು. ಅವರು ಕೆಳಗೆ ನಿಂತೇ ಮೇಲೆ ಕೂತವರ ಬೆವರಿಳಿಸುತ್ತಿದ್ದರು.

“ಅಲ್ಲಾ ಸ್ವಾಮಿ, ಜರ್ಮನಿಯವ್ನು ನಮ್ ಹೊಲದ ಬದ ಒತ್ತಿದ್ನಾ? ಬಿಳಿಯೋರ ದಾಯಾದಿ ಜಗಳಕ್ಕೆ ನನ್ ಮಗ ಯಾಕ್ ಸಾಯ್ಬೇಕು? ಒಂದ್ ಮದ್ವೆ ಮಾಡೋಕೂ ಸೋದರಮಾವನ್ನ ಕೇಳ್ತೀವಿ. ಈ ಯುದ್ಧಕ್ಕೆ ನಮ್ಮೋರ್ನ ಯಾರಾನ ಕೇಳಿದ್ರಾ?”

ಅಧಿಕಾರಿ ಪಾಕಡಾ. ಬಾವಿ ತೋಡಲಿ, ಹೆಣ್ಣು ಕೊಡಲಿ, ನಮ್ಮೂರಲ್ಲಿ ಮಾರಮ್ಮನ ಹತ್ತಿರ ಹೂ ಕೇಳದೆ ಏನೂ ನಡೆಯದು ಎಂಬುದು ಅವನಿಗೆ ಗೊತ್ತಿತ್ತು. ವಿಗ್ರಹದ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಒಪ್ಪಿಗೆ, ಎಡಗಡೆಯದಾದರೆ ಬೇಡ.

“ಹಾಗಾದರೆ ನಿಮ್ಮ ಅಮ್ಮನನ್ನೇ ಕೇಳೋಣ” ಎಂದ. ಅತ್ತೆ ಒಪ್ಪಿಬಿಟ್ಟರು. ದೇವರನ್ನು ಅಷ್ಟು ನಂಬಬಾರದಿತ್ತು.

ಮಾರನೆಯ ಬೆಳಿಗ್ಗೆ ಬಾಗಿಲೂ ಇಲ್ಲದ ಆ ಪುಟ್ಟ ಗುಡಿಯ ಮುಂದೆ ಊರೇ ನೆರೆಯಿತು. ನಾನು ಕೈಮುಗಿದು, ಬಲಗಡೆ ಕೊಟ್ಟರೆ ಇನ್ನು ನಿನಗೆ ತಂಬಿಟ್ಟು ಇಲ್ಲ ಎಂದು ಮನಸ್ಸಲ್ಲೇ ಹೆದರಿಸಿದೆ. ಅವಳು ಬಲಗಡೆಯೇ ಕೊಟ್ಟಳು. ಗಂಡ ಆಗಲೇ ತೋಳಿನ ಅಳತೆ ನೋಡಿಕೊಳ್ಳುತ್ತಿದ್ದರು. ಕೆನ್ನೆಗೆ ಬಾರಿಸೋಣ ಅನ್ನಿಸಿತು.

ಅತ್ತೆ ಅಳಲಿಲ್ಲ. “ಆಯ್ತು, ಯುದ್ಧ ಒಳ್ಳೇದು ಅಂತ ಅಮ್ಮ ಹೇಳ್ಬುಟ್ಲು. ಒಳ್ಳೇದು ನಮ್ಮನೆಗೊಂದಕ್ಕೇ ಯಾಕೆ? ಸ್ವಾಮಿ, ನಿಮಗೆ ಮಗ ಅವ್ನಾ?”

“ಇದ್ದಾನೆ. ಸೇಲಂನಲ್ಲಿ ಓದ್ತಿದ್ದಾನೆ.”

“ನನ್ ಮಗಾನೂ ಇಲ್ಲಿ ಹೊಲ ಉಳ್ತಾವ್ನೆ. ಪೂಜಾರಪ್ಪಾ, ಅವರ ಮಗನ ಹೆಸರಲ್ಲೂ ಹೂ ಇಕ್ಕು.”

ಅಧಿಕಾರಿ ನಕ್ಕ. ಊರು ನಗಲಿಲ್ಲ. ಪೂಜಾರಿ ಹೊಸ ಹೂ ಅದ್ದಿ ಅಂಟಿಸಿದ. ಅಧಿಕಾರಿಯ ನಗು ನಿಧಾನವಾಗಿ ಆರಿತು. ಬಲಭುಜದ ಹೂ ಸಡಿಲವಾಗಿ ಜಾರತೊಡಗಿತು. ಅಷ್ಟರಲ್ಲಿ ಆತ ಮುಂದೆ ನುಗ್ಗಿ, ಬಗ್ಗಿ, ಹೆಬ್ಬೆರಳಿನಿಂದ ಅದನ್ನು ಕಲ್ಲಿಗೆ ಒತ್ತಿ ಹಿಡಿದುಬಿಟ್ಟ.

ಹೊರಗಿನವರು ವಿಗ್ರಹ ಮುಟ್ಟಿದರೆ ಊರು ಸುಟ್ಟಂತೆ ಕೂಗುವ ಪೂಜಾರಿಯೂ ಒಂದು ಹೆಜ್ಜೆ ಹಿಂದೆ ಸರಿದ. ಅಧಿಕಾರಿ ಕೈ ತೆಗೆಯಲಿಲ್ಲ.

“ಒಬ್ಬನೇ ಮಗ” ಎಂದ, ಯಾರ ಮುಖವನ್ನೂ ನೋಡದೆ.

“ನಂಗೂ ಒಬ್ನೇ ಕಣಪ್ಪಾ” ಎಂದರು ಅತ್ತೆ.

ನನ್ನ ಗಂಡ ಆ ಹೆಬ್ಬೆರಳನ್ನು ನೋಡಿದರು. ಆಮೇಲೆ ಕೋಟಿನ ಮಾತೆತ್ತದೆ ಹೊಲದ ಕಡೆ ಹೊರಟರು.