ದಿಲ್ಲಿಗೆ ಹೋದ ಹುಲಿಗೆವ್ವನ ಕೌದಿ

ಬೆಳಗಿನ ಆರು ಗಂಟೆ. ಮೋರಟಗಿಯ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಆಶಾ ಕಾರ್ಯಕರ್ತೆ ಹುಲಿಗೆವ್ವ ಸೂಜಿ ದಾರ ಹಿಡಿದು ಕೂತಿದ್ದಾರೆ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೊರಟಿರುವ ಸೈದಾಬಿಯ ಕೂಸು ಹೊದೆಯುವ ಕೌದಿಗೆ ಹಳದಿ ಬಟ್ಟೆಯ ಚೂರು ಹಚ್ಚುತ್ತಿದ್ದಾರೆ. ಬಸ್ಸಿನ ಹಾರ್ನಿಗೆ ಅವರು ಜಪ್ಪಯ್ಯ ಅನ್ನುವುದಿಲ್ಲ. "ಎರಡ ಹೊಲಿಗಿ ಉಳದಾವ, ತಡೀರಿ ಡ್ರೈವರ್ ಸಾಹೇಬ್ರ!"

ಹಳದಿ ಎಂದರೆ ದಡಾರದ ಲಸಿಕೆ ಆಗಿದೆ, ಹಸಿರು ಎಂದರೆ ಪೋಲಿಯೊ. ಮೂಲೆಯಲ್ಲಿ ಕೆಂಪು ದಾರದಿಂದ ಹುಲಿಗೆವ್ವನ ಫೋನ್ ನಂಬರು. ಸಾತಾರಾದ ನರ್ಸ್ ಆದರೂ ಸರಿ, ಕೌದಿ ನೋಡಿ ಫೋನ್ ಹಚ್ಚಿ ಕೇಳಬಹುದು. ಹನ್ನೊಂದು ವರ್ಷದಲ್ಲಿ ಕೌದಿಗಳ ಲೆಕ್ಕ ನಾನೂರು ದಾಟಿದೆ, ಸುಗ್ಗಿಯಲ್ಲಿ ದಿನಕ್ಕೆ ಏಳೆಂಟು ಕರೆ. ಮೊದಲ ವರ್ಷ ಮಾತ್ರ ಎಡವಟ್ಟಾಗಿತ್ತು. ಲಸಿಕೆಯ ಕಾರ್ಡನ್ನೇ ಕೌದಿಯೊಳಗೆ ಇಟ್ಟು ಹೊಲಿದಿದ್ದರು. "ಹೊಳಿಯಾಗ ಒಗದ್ರು ನೋಡ್ರಿ, ಕಾರ್ಡೆಲ್ಲ ಅಂಬಲಿ ಆತು!" ಎಂದು ಈಗ ಹೊಟ್ಟೆ ಹಿಡಿದು ನಗುತ್ತಾರೆ.

ಆರೋಗ್ಯದ ವಿಷಯದಲ್ಲಿ ನಮ್ಮ ದೇಶ ಬೇರೆ ದೇಶಗಳ ಜೊತೆ ಹೇಗೆ ಕೈಜೋಡಿಸಬೇಕು ಎಂಬ ನೀತಿಯ ಕರಡು ದಿಲ್ಲಿಯಲ್ಲಿ ಸಿದ್ಧವಾಗುತ್ತಿದೆ. ದೇಶದ ಗಡಿ ದಾಟಿ ದುಡಿಯುವವರ ಮಕ್ಕಳ ಅಧ್ಯಾಯಕ್ಕೆ, ರಾಜ್ಯ ದಾಟುವವರ ಅನುಭವವನ್ನೂ ಕೇಳಲು ಕರಡು ಸಮಿತಿಯ ಪ್ರಜ್ಞಾ ಕಳೆದ ತಿಂಗಳು ಸಿಂದಗಿಯಲ್ಲಿ ಆಶಾ ಕಾರ್ಯಕರ್ತೆಯರ ಸಭೆ ಕರೆದಿದ್ದರು. ಲಸಿಕೆಯ ಲೆಕ್ಕ ಇಡಲು ಕರಡಿನಲ್ಲಿದ್ದದ್ದು ಮೊಬೈಲ್ ಆ್ಯಪ್ ಒಂದೇ. ಹಿಂದಿನ ಬೆಂಚಿನಿಂದ ಹುಲಿಗೆವ್ವ ಎದ್ದು ನಿಂತರು.

"ಫೋನ್ ಅಪ್ಪನ ಕಿಸೇದಾಗ ಇರ್ತೈತ್ರಿ ಮೇಡಂ. ಕೌದಿ ಕೂಸಿನ ಮ್ಯಾಲ ಇರ್ತೈತಿ."

ಸಭೆ ಗೊಳ್ಳೆಂದಿತು. ಹುಲಿಗೆವ್ವ ಕೂರಲಿಲ್ಲ. ಇವರು ನಕ್ಕು ಕೈಬಿಟ್ಟರೆ ಊರೂರು ತಿರುಗುವ ಕೂಸುಗಳಿಗೆ ಒಂದೋ ಲಸಿಕೆ ತಪ್ಪುತ್ತದೆ, ಇಲ್ಲವೇ ಅದೇ ಲಸಿಕೆ ಎರಡೆರಡು ಸಲ ಬೀಳುತ್ತದೆ. ಪ್ರಜ್ಞಾ ಮಾತ್ರ ನಗಲಿಲ್ಲ. ಒಂದು ಕೌದಿ ಕೊಡಿ, ಸಮಿತಿಯ ಮುಂದೆ ಹಾಸುತ್ತೇನೆ ಎಂದರು. ಹುಲಿಗೆವ್ವ ತಮ್ಮ ಮೊಮ್ಮಗಳದ್ದನ್ನೇ ಮಡಚಿ ಕೊಟ್ಟರು. ಅಂದಿನಿಂದ ಫೋನ್ ಬಂದಾಗಲೆಲ್ಲ ದಿಲ್ಲಿಯದೇ ಇರಬಹುದೆಂದು ಸೂಜಿ ಬಿಟ್ಟು ಎತ್ತುತ್ತಿದ್ದರು.

ಇವತ್ತು ಕೈಬೀಸಿದ ಸೈದಾಬಿಯ ಬಸ್ಸು ಮರೆಯಾದ ಮೇಲೆ ಪ್ರಜ್ಞಾರ ಆ ಕರೆ ಬಂದೇ ಬಂತು. ಸಮಿತಿ ಒಪ್ಪಿದೆ. ಕೂಸಿನ ಜೊತೆ ತಾಯಿ ಬಿಡದೆ ಒಯ್ಯುವ ವಸ್ತುವಿನ ಮೇಲೂ ಲಸಿಕೆಯ ಗುರುತು ಇರಬೇಕು ಎಂಬ ಒಂದು ಸಾಲು ಕರಡಿಗೆ ಸೇರಿದೆ. ಅದರಲ್ಲಿ ಹುಲಿಗೆವ್ವನ ಹೆಸರು ಹಾಕಲು ಮಾತ್ರ ಅವಕಾಶವಿಲ್ಲವಂತೆ. ಖುಷಿಗೆ ಹುಲಿಗೆವ್ವನ ಕಣ್ಣು ತುಂಬಿವೆ, ಸೆರಗಿನಿಂದ ಒರೆಸಿಕೊಂಡು ಫೋನಿನಲ್ಲಿ ದನಿ ಎತ್ತರಿಸುತ್ತಾರೆ.

"ಹೆಸರ ಬ್ಯಾಡ್ರಿ. ಗುರುತ ತಲಿ ಕಡೆ ಹೊಲೀಬೇಕಂತ ಮಾತ್ರ ಬರೀರಿ. ಕಾಲ ಕಡೆ ಹೊಲದ್ರ ಒದ್ದು ಒದ್ದು ಹರದ ಬಿಡ್ತಾವ, ಯಾವ ದೇಶದ ಕೂಸಾದ್ರೂ ಅಷ್ಟರಿ!"