ಯಲ್ಲಪ್ಪ ಮಿಸ್ತ್ರಿಯ ಶಂಖ

ಉಳಿದ ಮಿಸ್ತ್ರಿಗಳು ಎಂಜಿನ್ ಬಿಚ್ಚಿದ ಮೇಲೆ ಕೈ ತೊಳೆಯುತ್ತಾರೆ. ಯಲ್ಲಪ್ಪ ಮಿಸ್ತ್ರಿ ಬಿಚ್ಚುವ ಮೊದಲೇ ತೊಳೆಯುತ್ತಿದ್ದರು. ಸುಮ್ಮನೆ ನೀರು ಸೋಕಿಸುವುದಲ್ಲ. ಅರಿವೆ ಸಾಬೂನು ಹಚ್ಚಿ, ಮೊಣಕೈತನಕ ತಿಕ್ಕಿ, ಉಗುರಿನ ಸಂದಿಯನ್ನು ಬೇವಿನ ಕಡ್ಡಿಯಿಂದ ಕೆರೆದು, ಎರಡೂ ಕೈ ಮೇಲೆತ್ತಿ ಗಾಳಿಗೆ ಒಣಗಿಸಿಕೊಳ್ಳುತ್ತ ಶೆಡ್ಡಿಗೆ ಬರುವರು. ಎಪ್ಪತ್ತರ ದಶಕದ ನಡುವಿನ ಆ ದಿನಗಳಲ್ಲಿ ನಾನು ಬೈಲಹೊಂಗಲದ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ದವಾಖಾನೆಯವನಾದ ನಾನೇ ಅಷ್ಟು ತೊಳೆಯುತ್ತಿರಲಿಲ್ಲ. ಒಮ್ಮೆ ನಾಚಿಕೆ ಬಿಟ್ಟು ಕೇಳಿಯೂಬಿಟ್ಟೆ.

“ಹೊಟ್ಟಿಯೊಳಗ ಹೋಗೂ ಕೈರಿ ಇದು. ನಿಮ್ಮ ಎಮ್ಮಿ ಆದ್ರ ಹೊಲಸ ಕೈ ಹಾಕಿದ್ರ ಒದೀತೈತಿ. ಪಾಪ, ಇದಕ್ಕ ಕಾಲಿಲ್ಲ, ಡಾಕ್ಟರ್ರ,” ಎಂದರು. ಕಂಪೌಂಡರನಾದ ನನ್ನನ್ನು ಅವರು ಡಾಕ್ಟರ್ ಎಂದೇ ಕರೆಯುತ್ತಿದ್ದರು.

ಅವರು ಇಪ್ಪತ್ತು ವರ್ಷ ಮಿಲ್ಟ್ರಿಯ ವಾಹನ ವಿಭಾಗದಲ್ಲಿ ದುಡಿದು ಬಂದವರು. ಪುಣೆಯಲ್ಲಿದ್ದಾಗ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದರು. ಮನೆಯಲ್ಲಿ ದೇವರ ಜಗಲಿ ಇರಲಿಲ್ಲ. ಗೋಡೆಗೆ ಬುದ್ಧನದೊಂದು ಪಟ, ಅದರ ಕೆಳಗೆ ಸ್ಪ್ಯಾನರುಗಳ ಸಾಲು. “ಹೆಸರ ಯಾಕ ಬದಲ ಮಾಡಲಿಲ್ರಿ ಮಿಸ್ತ್ರಿ?” ಎಂದರೆ ನಗುವರು. “ನಮ್ಮವ್ವ ಗುಡ್ಡದ ಎಲ್ಲವ್ವಗ ಹರಕಿ ಹೊತ್ತು ನನ್ನ ಹಡದಾಳ. ಅಕಿ ಇಟ್ಟ ಹೆಸರ ತಗದು ಅಕಿ ಕೂಡ ಜಗಳಾ ಯಾಕ ಮಾಡ್ಲಿ?”

ಊರ ಅಂಚಿನ ಅವರ ಓಣಿಯಲ್ಲಿ ಮನೆಗೆ ಹೊಂದಿಕೊಂಡೇ ಶೆಡ್ಡು. ಹಿಂದೆ ಅದು ಚಕ್ಕಡಿ ನಿಲ್ಲಿಸುವ ಜಾಗ. ರೈತರ ಪಂಪ್‌ಸೆಟ್ಟು, ಹಳೆಯ ಟ್ರ್ಯಾಕ್ಟರು ಅಲ್ಲಿಗೆ ಬರುತ್ತಿದ್ದವು. ಪೇಟೆಯವರ ಮೋಟಾರುಗಳು ಮಾತ್ರ ಅವರ ಬಾಗಿಲು ದಾಟಿ ಹುಬ್ಬಳ್ಳಿಗೆ ಹೋಗುತ್ತಿದ್ದವು. ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಓಣಿ ಯಾರದೆಂದು ಎಲ್ಲರಿಗೂ ಗೊತ್ತಿತ್ತು, ಅಷ್ಟೇ. ನನ್ನ ಬಾಡಿಗೆ ಕೋಣೆ ಆ ಓಣಿಯ ಬಾಯಿಗೇ ಇದ್ದುದರಿಂದ ಸಂಜೆ ಅಲ್ಲಿ ಹೋಗಿ ಹಳೆಯ ಟೈರಿನ ಮೇಲೆ ಕೂತು ಚಹಾ ಕುಡಿಯುವುದು ರೂಢಿಯಾಯಿತು. ನನಗೆ ಚಿಂತೆ ಮಾಡಲು ಒಂದು ಜಾಗ ಬೇಕಿತ್ತು. ಅವರ ಶೆಡ್ಡು ತಂಪಾಗಿತ್ತು.

ಹಾಗಿರುವಾಗ ಅರಳೆ ವ್ಯಾಪಾರದ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಮಾಲೀಕ ಮಲ್ಲೇಶಪ್ಪ ಶೆಟ್ಟರ ಕಾರು ಬಂತು. ಗೋವಾದಿಂದ ಮರಳಿಹೋಗುತ್ತಿದ್ದ ಒಬ್ಬ ಪರದೇಶದವನಿಂದ ಕೊಂಡ ಉದ್ದನೆಯ ವಿಲಾಯತಿ ಗಾಡಿ. ಎರಡು ವರ್ಷ ಓಡಿ ನಿಂತಿತ್ತು. ಹುಬ್ಬಳ್ಳಿ, ಬೆಳಗಾವಿಗಳಲ್ಲಿ ಬಾನೆಟ್ ಎತ್ತಿದವರು ಒಳಗೆ ಖಾಲಿ ಜಾಗ ಕಂಡು ಗಾಬರಿಯಾಗಿದ್ದರಂತೆ. ಎಂಜಿನ್ ಇದ್ದದ್ದು ಹಿಂದೆ. ಹಿಂದೆ ನೋಡಿದವರು ಇನ್ನೂ ಗಾಬರಿಯಾಗಿದ್ದರು, ಏಕೆಂದರೆ ಎಂಜಿನ್ನಿನ ಮೇಲೆ ಯಾರೂ ಕಂಡಿರದ ಒಂದು ಸುರುಳಿ ಡಬ್ಬಿ ಕೂತಿತ್ತು. ಶೆಟ್ಟರು ರಸ್ತೆಯಲ್ಲೇ ನಿಂತು ಕೂಗಿದರು.

“ಯಲ್ಲಪ್ಪಾ, ಇದನ್ನ ಓಡಸ್ತಿ ಏನ? ಓಡಿಸಿದ್ರ ನನ್ನ ಜಿನ್ನಿನ ಲಾರಿ ಎಲ್ಲಾ ಇನ್ನ ಮ್ಯಾಲ ನಿನ್ನ ಕಡೀನ ಬರತಾವ. ಆಗದಿದ್ರ ಈಗ ಹೇಳು, ಗುಜರಿಗೆ ಹಾಕತೇನಿ.”

“ಬಿಟ್ಟ ಹೋಗ್ರಿ,” ಎಂದರು ಮಿಸ್ತ್ರಿ. ಒಬ್ಬ ಪೇಟೆಯವನ ಲಾರಿ ಬಂದರೆ ಉಳಿದವರವೂ ಬರುತ್ತವೆಂಬುದು ಇಬ್ಬರಿಗೂ ಗೊತ್ತಿತ್ತು. ಬರದೇ ಇದ್ದರೆ ಶೆಡ್ಡು ಮುಚ್ಚಿ ಮತ್ತೆ ಪುಣೆಗೆ ಹೋಗುವ ಮಾತು ಮನೆಯಲ್ಲಿ ಆಗಲೇ ನಡೆದಿತ್ತು.

ಕಾರಿನೊಡನೆ ಇಂಗ್ಲಿಷಿನ ದಪ್ಪ ಪುಸ್ತಕವೊಂದು ಬಂದಿತ್ತು. ಇಂಟರ್ ಸಾಯನ್ಸಿನಲ್ಲಿ ಎರಡು ಸಲ ಕೂತೆದ್ದ ನನಗೆ ಅದನ್ನು ಓದಿ ಹೇಳುವ ಕೆಲಸ. ‘ಎಚ್ಚರಿಕೆ’ ಎಂದು ದಪ್ಪಕ್ಷರದಲ್ಲಿದ್ದ ಭಾಗಗಳು ನನಗೆ ಬಹಳ ಹಿಡಿಸಿದವು. ನನ್ನಂತೆಯೇ ಯೋಚಿಸುವವನೊಬ್ಬ ಪರದೇಶದಲ್ಲೂ ಇದ್ದಾನಲ್ಲ! ಸುರುಳಿ ಡಬ್ಬಿಗೆ ಪುಸ್ತಕದಲ್ಲಿ ಟರ್ಬೋಚಾರ್ಜರ್ ಎಂದು ಹೆಸರಿತ್ತು. ಮಿಸ್ತ್ರಿ ಅದನ್ನು ಅಂಗೈ ಮೇಲಿಟ್ಟು ತಿರುಗಿಸಿ ನೋಡಿ ‘ಶಂಖ’ ಎಂದರು. ಆಮೇಲೆ ಅದು ಶಂಖವೇ ಆಯಿತು.

“ಕಂಬಾರನ ಕುಲಮಿಗೆ ತಿದಿ ಇರೂದಿಲ್ಲೇನ್ರಿ, ಗಾಳಿ ಊದಾಕ? ಹಂಗ ಇದು. ಹೊಗಿ ಹೊರಗ ಹೋಗೂ ಮುಂದ ಸುಮ್ನ ಹೋಗೂದಿಲ್ಲ, ಒಂದ ಗಾಲಿ ತಿರುಗಿಸಿ ಹೋಗತೈತಿ. ಆ ಗಾಲಿ ಇನ್ನೊಂದ ಗಾಲಿ ತಿರುಗಸ್ತೈತಿ. ಅದು ಎಂಜಿನ್ನಿಗೆ ಗಾಳಿ ತುರುಕತೈತಿ. ಹೊರಗ ಹೋಗಾವನ ಕಡಿಂದ ಕೆಲಸಾ ತಗೊಳ್ಳೂದು!” ಎರಡು ಗಾಲಿಗಳ ನಡುವಿನ ಉಕ್ಕಿನ ದಂಡ ಎಣ್ಣೆಯ ಮೇಲೆ ತೇಲುತ್ತ ತಿರುಗಬೇಕು. ಆ ಎಣ್ಣೆ ಹೋಗುವ ತೂತು ದಬ್ಬಣದ ಮೊನೆಯಷ್ಟು. ಅದರ ಬಗ್ಗೆಯೇ ಪುಸ್ತಕದಲ್ಲಿ ಒಂದಿಡೀ ಪುಟ ಎಚ್ಚರಿಕೆ ಇತ್ತು: ಒಂದು ಕಣ ಧೂಳೂ ಸೇರಬಾರದು. ಇದನ್ನು ಗಟ್ಟಿಯಾಗಿ, ಎರಡು ಸಲ ಓದಿ ಹೇಳಿದವನು ನಾನೇ.

ಎರಡು ತಿಂಗಳು ಕೆಲಸ ನಡೆಯಿತು. ಬಿಚ್ಚಿದ ಒಂದೊಂದು ಭಾಗವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಒಗೆದ ಹಳೆಯ ಧೋತರದ ಮೇಲೆ ಬಿಚ್ಚಿದ ಕ್ರಮದಲ್ಲೇ ಇಡುವರು. ವಾಲ್ವುಗಳನ್ನು ಗಾಳಿ ನುಸುಳದಂತೆ ತಿಕ್ಕಿ ಕೂರಿಸುವ ದಿನ ಮಿಸ್ತ್ರಿ, ತುದಿಗೆ ವಾಲ್ವು ಕಚ್ಚಿಸಿದ ಒಂದು ಕೋಲನ್ನು ಅಂಗೈಗಳ ನಡುವೆ ತಿರುಗಿಸಿ ತಿರುಗಿಸಿ ಬೆವರುತ್ತಿದ್ದರು. ಅವರ ಹೆಂಡತಿ ಶಾಂತವ್ವ ಚಹಾ ತಂದವರು ಒಂದು ನಿಮಿಷ ನೋಡಿದರು.

“ಸರೀರಿ ಅತ್ಲಾಗ. ಇಪ್ಪತ್ತೈದ ವರ್ಷ ಮಜ್ಜಿಗಿ ಕಡದಾಕಿ ನಾನು.”

“ಇದು ಮಜ್ಜಿಗಿ ಅಲ್ಲ.”

“ಗೊತ್ತೈತಿ. ಮಜ್ಜಿಗಿ ಆದ್ರ ನೀವು ಇಷ್ಟೊತ್ತಿಗೆ ಚೆಲ್ಲಿ ಮುಗಸ್ತಿದ್ರಿ.”

ಹನ್ನೆರಡೂ ವಾಲ್ವು ಶಾಂತವ್ವನ ಕೈಯಲ್ಲೇ ಕೂತವು. ಸೀಮೆಎಣ್ಣೆ ಸುರಿದು ನೋಡಿದರೆ ಒಂದು ಹನಿ ಸೋರಲಿಲ್ಲ. “ಪೆನ್ಷನ್ ನಿನಗ ಬರಬೇಕಿತ್ತಲೇ,” ಎಂದರು ಮಿಸ್ತ್ರಿ.

ದಸರೆ ಬಂತು. ಖಂಡೇಪೂಜೆಯ ದಿನ ಊರಿನ ಸೈಕಲ್ಲು, ಲಾರಿ, ಹೊಲಿಗೆ ಯಂತ್ರಗಳೆಲ್ಲ ಚೆಂಡುಹೂವಿನಲ್ಲಿ ಮುಳುಗಿದ್ದವು. ನಮ್ಮ ದವಾಖಾನೆಯ ಸೂಜಿ ಡಬ್ಬಿಗೂ ಕುಂಕುಮ. ಮಿಸ್ತ್ರಿಯ ಶೆಡ್ಡಿನಲ್ಲಿ ಒಂದು ಹೂವಿಲ್ಲ. “ಕಸಾ ಹೊಡದೇನಿ, ಎಣ್ಣಿ ಕೊಟ್ಟೇನಿ. ಮತ್ತೇನ ಬೇಕ್ರಿ ಅದಕ್ಕ?” ಎಂದವರೇ ಶಾಂತವ್ವನನ್ನು ಕರೆದುಕೊಂಡು ಬೆಳಗಾವಿಗೆ ಹೊರಟರು. ಹಿಂದೆ ದಸರೆಯಂದೇ ನಡೆದ ದೊಡ್ಡ ದೀಕ್ಷೆಯ ನೆನಪಿಗೆ ಬೌದ್ಧರಾದವರೆಲ್ಲ ಪ್ರತಿ ದಸರೆಗೆ ಅಲ್ಲಿ ಸೇರುತ್ತಿದ್ದರು. ಶೆಡ್ಡಿನ ಕೀಲಿ ನನ್ನ ಕೈಯಲ್ಲಿಟ್ಟರು. ಎಂಜಿನ್ ಸಿದ್ಧವಾಗಿತ್ತು. ಶಂಖವೊಂದನ್ನು ಮಾತ್ರ ಅರಿವೆ ಹೊದಿಸಿ ಹಲಗೆಯ ಮೇಲೆ ಇಟ್ಟಿದ್ದರು. ಬಂದ ಮೇಲೆ ಕೂರಿಸಿ ಚಾಲೂ ಮಾಡುವುದು.

ಅವರು ಹೋದದ್ದೇ ತಡ, ನನ್ನ ಚಿಂತೆ ಶುರುವಾಯಿತು. ಊರಿಗೆ ಊರೇ ಪೂಜೆ ಮಾಡಿದೆ, ಇದೊಂದೇ ಹಾಗೇ ಉಳಿದಿದೆ. ಏನಾದರೂ ಆದರೆ? ಮಿಸ್ತ್ರಿಗೆ ನಂಬಿಕೆ ಇಲ್ಲ, ಸರಿ. ಆದರೆ ಆಗುವುದು ನಂಬಿಕೆ ಕೇಳಿ ಆಗುತ್ತದೆಯೇ? ನನ್ನ ವಿಭೂತಿ ಗಟ್ಟಿ ತೆಗೆದುಕೊಂಡು ಹೋದೆ. ಅರಿವೆ ಸರಿಸಿ, ಬೆರಳು ನೀರಿಗದ್ದಿ ವಿಭೂತಿ ತೇಯ್ದು, ಶಂಖದ ಮೇಲೆ ಮೂರು ಪಟ್ಟಿ ಎಳೆದು ಕೈಮುಗಿದೆ. ಮನಸ್ಸು ಹಗುರಾಯಿತು. ಐದೇ ನಿಮಿಷ. ಆಮೇಲೆ ಹೊಸ ಚಿಂತೆ: ಮಿಸ್ತ್ರಿ ನೋಡಿದರೆ? ಒದ್ದೆ ಅರಿವೆಯಿಂದ ಚೊಕ್ಕವಾಗಿ ಒರೆಸಿಬಿಟ್ಟೆ. ಒರೆಸಿದ ಬೂದಿನೀರು ಎಲ್ಲಿಗೆ ಇಳಿಯಿತೆಂದು ನೋಡಲಿಲ್ಲ. ಲೋಕದ ಎಲ್ಲದರ ಬಗ್ಗೆ ಚಿಂತೆ ಮಾಡುವ ನಾನು ಅದೊಂದರ ಬಗ್ಗೆ ಮಾಡಲಿಲ್ಲ.

ಮಿಸ್ತ್ರಿ ಮರಳಿ ಬಂದು ಶಂಖ ಕೂರಿಸಿದರು. ಮೊದಲ ಎಣ್ಣೆ ತುಂಬಲು ದವಾಖಾನೆಯಿಂದ ನಾನು ತಂದ ಎತ್ತಿನ ಸಿರಿಂಜು. “ತುಸು ಬಿಗಿ ಹೋಗತೈತಲ್ಲ,” ಎಂದು ಒತ್ತಿ ಒತ್ತಿ ತುಂಬಿದರು. ಎಂಜಿನ್ ಒಂದೇ ಸಲಕ್ಕೆ ಹತ್ತಿತು. ಓಣಿಯೆಲ್ಲ ಕೇಕೆ. ಶೆಟ್ಟರನ್ನು ಹಿಂದೆ ಕೂರಿಸಿಕೊಂಡು ಸವದತ್ತಿ ರಸ್ತೆಗೆ ಹೊರಟೆವು. ವೇಗ ಹೆಚ್ಚಿದಂತೆ ಶಂಖ ಸಣ್ಣಗೆ ಹಾಡತೊಡಗಿತು. ಮೂರನೆಯ ಮೈಲಿಯಲ್ಲಿ ಆ ಹಾಡು ಚೀರಾಟವಾಗಿ, ಹಿಂದೆ ಬಿಳಿ ಹೊಗೆ ಎದ್ದು, ಗಾಡಿ ನಿಂತಿತು.

ಎರಡು ಎತ್ತು ಕಟ್ಟಿ ಅದನ್ನು ಊರಿಗೆ ಎಳೆದು ತಂದರು. ಪೇಟೆಯ ಎರಡೂ ಬದಿ ಮಂದಿ ನಿಂತಿದ್ದರು. “ಖಂಡೇಪೂಜಿ ಮಾಡಲಿಲ್ಲಂತ. ಮತ್ತ ಹೆಂಗ ಓಡತೈತಿ?” ಎಂದು ಒಬ್ಬ ಅಂದ. ಓಣಿ ತಲುಪುವುದರೊಳಗೆ ಅದನ್ನು ಹತ್ತು ಜನ ಅಂದಿದ್ದರು. ಮಿಸ್ತ್ರಿ ಎತ್ತಿನ ಪಕ್ಕದಲ್ಲಿ ನೆಟ್ಟಗೆ ನಡೆದರು. ಶೆಟ್ಟರು, “ನಾಳೆ ಗುಜರಿಯವನ್ನ ಕಳಸ್ತೇನಿ,” ಎಂದಷ್ಟೇ ಹೇಳಿ ಹೋದರು.

ಶಂಖವನ್ನು ಅವರು ಆಗಿಂದಾಗಲೇ ಬಿಚ್ಚಿದರು. ಎಣ್ಣೆಯ ತೂತಿನಲ್ಲಿ ಬೂದು ಬಣ್ಣದ ಹಿಟ್ಟು ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದು, ಬೆರಳ ನಡುವೆ ತಿಕ್ಕಿ, ಮೂಸಿ ನೋಡಿದರು. ಆಮೇಲೆ ನನ್ನ ಹಣೆ ನೋಡಿದರು.

“ಡಾಕ್ಟರ್ರ, ಕೀಲಿ ನಿಮ್ಮ ಕಡೆ ಇತ್ತು.”

“ನಿಮ್ಮ ಒಳ್ಳೇದಕ್ಕಂತ ಮಾಡಿದ್ನಿರಿ ಮಿಸ್ತ್ರಿ...”

“ನನ್ನ ಒಳ್ಳೇದು ನನ್ನ ಕೇಳಿ ಮಾಡಬೇಕಿತ್ರಿ.”

ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ. ಅವರು ದನಿ ಏರಿಸಲಿಲ್ಲ. ಶೆಟ್ಟರಿಗೆ ಹೋಗಿ ಹೇಳಿರೆಂದು ನಾನೇ ಗೋಗರೆದೆ. “ನಾ ಹೇಳಿದ್ರ ಯಾರ ನಂಬತಾರ? ಕೆಲಸಾ ಬರಲಿಲ್ಲ, ದೇವರ ಮ್ಯಾಲ ಹಾಕಿದ ಅಂತಾರ. ಹೇಳೂದಿದ್ರ ನೀವ ಹೇಳಬೇಕು. ಹೇಳದಿದ್ರೂ ನಾ ಏನೂ ಅನ್ನೂದಿಲ್ಲ.”

ಆ ಕೊನೆಯ ಮಾತಿಗೆ ನಾನು ಕೂತಲ್ಲಿ ಕೂರಲಾಗಲಿಲ್ಲ. ಮರುದಿನ ಮುಂಜಾನೆ, ಗುಜರಿಯವನಿಗಿಂತ ಮೊದಲು, ಶೆಟ್ಟರ ಜಿನ್ನಿಗೆ ಹೋದೆ. ಅರಳೆ ತೂಗುತ್ತಿದ್ದ ಎಂಟು ಹತ್ತು ಜನರ ನಡುವೆ ನಡೆದದ್ದನ್ನೆಲ್ಲ ಹೇಳಿದೆ.

“ವಿಭೂತಿಯಿಂದ ಗಾಡಿ ಕೆಡತೈತಿ ಅಂತ ಹೇಳಾಕ ಬಂದೀ ಏನೋ ಕಂಪೌಂಡರ? ಅದೂ ಹಣಿ ತುಂಬ ಹಚಗೊಂಡು?” ಎಂದರು ಶೆಟ್ಟರು.

“ಹಣಿಗೆ ಹಚ್ಚೂದ್ರಿ ಅದು. ಎಣ್ಣಿ ತೂತಿಗೆ ಅಲ್ರಿ,” ಎಂದೆ. ನನ್ನ ಜೀವಮಾನದ ಧೈರ್ಯವೆಲ್ಲ ಆ ಎರಡು ಮಾತಿಗೆ ಖರ್ಚಾಯಿತು. ಶೆಟ್ಟರು ತೂಕದ ಪುಸ್ತಕ ಮುಚ್ಚಿ, “ಮತ್ತೊಮ್ಮೆ ಬಿಚ್ಚಲಿ. ಗುಜರಿಯವಗ ಬ್ಯಾಡ ಅಂತೇನಿ,” ಎಂದರು.

ದಂಡದ ಸುತ್ತಲಿನ ಹಿತ್ತಾಳೆಯ ಬಳೆ, ಅಂದರೆ ಬುಶ್, ಸವೆದುಹೋಗಿತ್ತು. ಅಂಥದ್ದು ಈ ದೇಶದಲ್ಲೇ ಸಿಗುವಂತಿರಲಿಲ್ಲ. ಮಿಸ್ತ್ರಿ ಹುಬ್ಬಳ್ಳಿಯ ಲೇತ್ ಯಂತ್ರದ ಮುಂದೆ ನಾಲ್ಕು ದಿನ ನಿಂತು, ಮೂರು ಕೆಡಿಸಿ ನಾಲ್ಕನೆಯದನ್ನು ಕೂದಲೆಳೆಯ ಅಳತೆಗೆ ತಂದರು. ಆ ಸಲ ಗಾಡಿ ಕಿತ್ತೂರಿಗೆ ಹೋಗಿ ಬಂತು. ಬರುವಾಗ ಶೆಟ್ಟರು ಹಿಂದಿನ ಸೀಟಿನಿಂದ ಇಳಿದು ಮುಂದೆ, ಮಿಸ್ತ್ರಿಯ ಪಕ್ಕ ಕೂತಿದ್ದರು. ಲಾರಿಗಳು ಬಂದವು. ಅವುಗಳ ಹಿಂದೆ ಪೇಟೆಯ ಉಳಿದ ಗಾಡಿಗಳೂ ಬಂದವು. ಶೆಡ್ಡು ಬೆಳೆದು ಎರಡನೆಯ ತಗಡಿನ ಚಪ್ಪರ ಬಿತ್ತು. ನನ್ನ ಟೈರು, ನನ್ನ ಚಹಾ ಹಾಗೆಯೇ ಉಳಿದವು. ಕೀಲಿಯನ್ನು ಮಾತ್ರ ಅವರು ಮತ್ತೆಂದೂ ನನಗೆ ಕೊಡಲಿಲ್ಲ. ನಾನೂ ಕೇಳಲಿಲ್ಲ.

ಮುಂದೆ ನನಗೆ ರಾಮದುರ್ಗಕ್ಕೆ ವರ್ಗವಾಯಿತು. ಬಹಳ ವರ್ಷದ ಮೇಲೆ, ಹತ್ತಿರದ ಕಟಕೋಳಕ್ಕೆ ನೆಂಟರ ಮದುವೆಗೆ ಬಂದ ಮಿಸ್ತ್ರಿ ನನ್ನ ಮನೆ ಹುಡುಕಿಕೊಂಡು ಬಂದರು. ಮೈ ಇಳಿದಿತ್ತು. ಊರಿನ ಸುದ್ದಿ ಹೇಳುತ್ತ, ಈಗ ಅಲ್ಲಿ ಕಥೆಯೇ ಬೇರೆಯಾಗಿದೆ ಎಂದರು: ಮಿಸ್ತ್ರಿಯ ಗಾಡಿ ನಿಂತಿತ್ತಂತೆ, ಕಂಪೌಂಡರ್ ಕದ್ದು ಪೂಜೆ ಮಾಡಿದ ಮೇಲೆ ಓಡಿತಂತೆ! ಹೇಳುತ್ತ ಹೇಳುತ್ತ ಕೆಮ್ಮು ಬರುವಷ್ಟು ನಕ್ಕರು. ನನಗೆ ನಗು ಬರಲಿಲ್ಲ.

“ಹಂಗಾರ ಎರಡ ತಿಂಗಳ ನಾ ಏನ ತೆಂಗಿನಕಾಯಿ ಕಾಯ್ತಿದ್ನೇನ್ರಿ?” ಎಂದು ಕಣ್ಣೊರೆಸಿಕೊಂಡರು. ಹೊರಡುವಾಗ, ಚಪ್ಪಲಿ ಮೆಟ್ಟುತ್ತ, ನಗದೆ ಹೇಳಿದರು: “ನಿಮಗ ಯಾರರ ಹಂಗ ಹೇಳಿದ್ರ ಸುಮ್ನ ಕೂಡಬ್ಯಾಡ್ರಿ. ನನಗ ಹೇಳಾಕ ಬರೂದಿಲ್ಲ ಅದು.”

ಅದೇ ಕೊನೆಯ ಭೇಟಿ. ಮರುವರ್ಷ ಅವರು ತೀರಿಕೊಂಡ ಸುದ್ದಿ ತಿಳಿದು ಬೈಲಹೊಂಗಲಕ್ಕೆ ಹೋಗಿ, ಶಾಂತವ್ವನ ಎದುರು ಒಂದು ತಾಸು ಕೂತು ಎದ್ದುಬಂದೆ. ಬಸ್ ಸ್ಟ್ಯಾಂಡಿನಲ್ಲಿ ಪಕ್ಕ ಕೂತ ಮುದುಕನೊಬ್ಬ ನನ್ನ ಗುರುತು ಹಿಡಿದ. “ನೀವು ಆ ಪೂಜಿ ಕಂಪೌಂಡರ್ ಅಲ್ರಿ? ನಿಮ್ಮಿಂದಲ್ಲೇನ್ರಿ ಆ ಗಾಡಿ ಓಡಿದ್ದು!” ನಾನು ಬೂದಿಯಿಂದ ಬುಶ್‌ವರೆಗೆ ಎಲ್ಲವನ್ನೂ ಹೇಳಿದೆ. ಅವನು ತಲೆಯಾಡಿಸುತ್ತ ಕೇಳಿ, ಕೊನೆಗೆ, “ಏನರ ಆಗ್ಲಿ, ನಿಮ್ಮ ಕೈಗುಣ ದೊಡ್ಡದರಿ,” ಎಂದ.

ರಾಮದುರ್ಗದ ಬಸ್ಸು ಹಾರ್ನ್ ಹೊಡೆಯಿತು. ಅದು ಆ ದಿನದ ಕೊನೆಯ ಬಸ್ಸು. ನಾನು ಚೀಲವನ್ನು ಬೆಂಚಿನ ಮೇಲಿಟ್ಟು, ಅವನ ಕಡೆ ತಿರುಗಿ ಕೂತು, ಮತ್ತೆ ಮೊದಲಿನಿಂದ ಹೇಳತೊಡಗಿದೆ.